ಇಲ್ಲಿ ನಿಲ್ಲಿಸಬಾರದು, ಸರಿ. ಮತ್ತೆ ಎಲ್ಲಿ?

‘ಇಲ್ಲಿ ವಾಹನ ನಿಲುಗಡೆ ನಿಷೇಧಿಸಲಾಗಿದೆ.’

ಕರಾವಳಿಯ ಯಾವ ಪ್ರವಾಸಿ ಊರಿಗೆ ಹೋದರೂ ಈ ವಾಕ್ಯ ಕಣ್ಣಿಗೆ ಬೀಳುತ್ತದೆ. ಇದನ್ನು ಒಂದು ಸಲ ಕನ್ನಡ ಮಾಸ್ತರರ ಹಾಗೆ ಓದಿ ನೋಡಿ. ವಾಕ್ಯಕ್ಕೆ ಕರ್ತೃವೇ ಇಲ್ಲ. ಯಾರು ನಿಷೇಧಿಸಿದರು? ಗೊತ್ತಿಲ್ಲ. ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನ ತನಕ? ಗೊತ್ತಿಲ್ಲ. ಯಾವ ಗಾಡಿಗೆ? ಅದೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇಲ್ಲಿ ಬೇಡ ಅಂದಮೇಲೆ ಎಲ್ಲಿ ಅನ್ನೋದು ಇಲ್ಲ. ನಾವು ಸಾಫ್ಟ್‌ವೇರ್ ಮಂದಿ ಇಂಥದ್ದೊಂದು ಸಂದೇಶ ಬರೆದರೆ ಟೆಸ್ಟಿಂಗ್‌ನವರು ಅವತ್ತೇ ವಾಪಸ್ ಕಳಿಸ್ತಾರೆ. ‘ಆಗಲ್ಲ’ ಅಂತ ಹೇಳಿದ್ದೀರಿ, ಮುಂದೇನು ಮಾಡಬೇಕು ಅಂತ ಹೇಳಿಲ್ಲ, ಇದು ಅರ್ಧ ಕೆಲಸ ಅಂತಾರೆ. ಆದರೆ ನಮ್ಮ ಊರುಗಳ ಆಡಳಿತ ಈ ಅರ್ಧ ಕೆಲಸವನ್ನೇ ಪೂರಾ ನಿಯಮ ಅಂತ ತಿಳಿದುಕೊಂಡಿದೆ. ನನ್ನ ತಕರಾರು ಇರೋದು ಅಲ್ಲಿ.

ಈ ಬೋರ್ಡು ಯಾರಿಗೆ ತಾಗುತ್ತದೆ ಅನ್ನೋದನ್ನ ಮೊದಲು ನೋಡೋಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ನಮ್ಮ ಈ ಐದು ತಾಲ್ಲೂಕಿನಲ್ಲಿ ಕೃಷ್ಣೆ ಇದ್ದಾಳೆ, ದೂಧಗಂಗಾ, ವೇದಗಂಗಾ ಇವೆ, ಕಣ್ಣು ಹಾಯುವಷ್ಟು ಕಬ್ಬು ಇದೆ. ಸಮುದ್ರ ಮಾತ್ರ ಇಲ್ಲ. ಹಂಗಾಮು ಮುಗಿದು, ಕಾರ್ಖಾನೆಯ ಬಿಲ್ಲು ಕೈಗೆ ಬಂದು, ಹುಡುಗರಿಗೆ ಸೂಟಿ ಬಿತ್ತು ಅಂದ್ರೆ ಮಂದಿ ಸಮುದ್ರ ನೋಡಾಕ ಹೊಂಡ್ತಾರ. ಒಂದು ದಾರಿ ಸಂಕೇಶ್ವರ, ಆಜರಾ, ಅಂಬೋಲಿ ಘಾಟು ಇಳಿದು ಗೋವಾಕ್ಕೆ. ಇನ್ನೊಂದು ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟು ಇಳಿದು ಅಂಕೋಲೆಗೆ, ಅಲ್ಲಿಂದ ಗೋಕರ್ಣ, ಮುರ್ಡೇಶ್ವರ.

ಹೋಗೋದು ಕ್ರೂಸರ್ ಗಾಡಿಯಲ್ಲಿ, ಇಲ್ಲಾ ಟೆಂಪೋದಲ್ಲಿ. ಮ್ಯಾಲಿನ ಕ್ಯಾರಿಯರ್‌ಗೆ ತಾಡಪತ್ರಿ, ಹಾಸಿಗೆ ಸುರುಳಿ, ಸಣ್ಣ ಸಿಲಿಂಡರು, ಒಲೆ, ಬೋಗುಣಿ, ಎರಡು ಕ್ಯಾನು ನೀರು. ಒಳಗೆ ಖಡಕ್ ರೊಟ್ಟಿ ಗಂಟು, ಶೇಂಗಾ ಹಿಂಡಿ, ಅಜ್ಜಿಯಿಂದ ಹಿಡಿದು ಮೊಲೆಗೂಸಿನ ತನಕ ಹನ್ನೆರಡು ಹದಿನಾಲ್ಕು ಜನ. ದಾರಿಯಲ್ಲಿ ನೆರಳು ಕಂಡಲ್ಲಿ ಒಲೆ ಹಚ್ಚೋದು, ಕತ್ತಲಾದಲ್ಲಿ ತಾಡಪತ್ರಿ ಹಾಸೋದು. ಗಾಡಿಯೇ ಮನೆ, ಗಾಡಿಯೇ ಅಡುಗೆಮನೆ. ಇಂಗ್ಲಿಷಿನವರು ಮೋಟರ್‌ಹೋಮ್ ಅಂತ ಕರೆಯೋದು ಇದನ್ನೇ ಅಲ್ವಾ? ನಮ್ಮ ಕ್ರೂಸರ್ ಬಡವರ ಮೋಟರ್‌ಹೋಮು, ಅಷ್ಟೇ.

‘ಹೋಟೆಲಿನಲ್ಲಿ ಉಣ್ಣಬಹುದಲ್ಲ’ ಅಂತ ಸಲೀಸಾಗಿ ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. 14 ಜನ, ಒಂದು ಊಟಕ್ಕೆ 150 ರೂಪಾಯಿ ಹಿಡಿದರೂ ಒಂದು ಹೊತ್ತಿಗೆ 2,100. ದಿನಕ್ಕೆ ಎರಡು ಹೊತ್ತು, ಮೂರು ದಿನ, ಬರೀ ಊಟಕ್ಕೇ 12,600 ಆಯ್ತು. ಮೇಲೆ ಸೂಟಿಯ ದಿನಗಳಲ್ಲಿ ನಾಲ್ಕು ರೂಮು. ಈ ದುಡ್ಡು ಇದ್ದಿದ್ದರೆ ಒಂದೇ ಗಾಡಿಯಲ್ಲಿ 14 ಜನ ತುಂಬಿಕೊಂಡು ಯಾಕೆ ಹೋಗ್ತಿದ್ದರು? ಒಲೆ ಇಲ್ಲದಿದ್ದರೆ ಈ ಪ್ರವಾಸವೇ ಇಲ್ಲ. ಅಜ್ಜಿ ಸಮುದ್ರ ನೋಡೋದೂ ಇಲ್ಲ.

ಗೋವಾದಲ್ಲಿ ಬೋರ್ಡಿನ ಹಂತ ದಾಟಿ ಇದು ಕಾನೂನಿಗೇ ಹೋಯಿತು. ಪ್ರವಾಸಿ ತಾಣಗಳ ರಕ್ಷಣೆಗೆ ಅಂತ 2001ರಲ್ಲಿ ಮಾಡಿದ್ದ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದರು. ಬೀಚಿನಲ್ಲಿ ಕುಡಿಯೋದು, ಬಾಟಲಿ ಒಡೆಯೋದು, ಬಯಲಲ್ಲಿ ಅಡುಗೆ ಮಾಡೋದು, ಮೂರೂ ಒಂದೇ ಪಟ್ಟಿಯಲ್ಲಿ ಸೇರಿದವು. ದಂಡ ಒಬ್ಬನಿಗಾದರೆ 2,000 ರೂಪಾಯಿ, ಗುಂಪಿಗಾದರೆ 10,000. 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ಪ್ರವಾಸೋದ್ಯಮ ಇಲಾಖೆ ಇನ್ನೊಂದು ಆದೇಶ ಹೊರಡಿಸಿತು. ಅದರಲ್ಲಿ ದಂಡ 5,000ದಿಂದ 50,000ದ ತನಕ ಏರಿತು.

ಈ ಪಟ್ಟಿಯನ್ನು ನಿಧಾನಕ್ಕೆ ಓದಬೇಕು. ಮರಳಿನಲ್ಲಿ ಬಾಟಲಿ ಒಡೆದವನು ನಾಳೆ ಬರಿಗಾಲಲ್ಲಿ ಓಡುವ ಮಗುವಿನ ಕಾಲು ಸೀಳುತ್ತಾನೆ. ಅನ್ನ ಬೇಯಿಸಿದವಳು ಯಾರಿಗೆ ಏನು ಮಾಡಿದಳು? ಮುಸುರೆ ಚೆಲ್ಲಿದರೆ, ಪತ್ರಾವಳಿ ಬಿಟ್ಟು ಹೋದರೆ ಅದು ತಪ್ಪು, ದಂಡ ಹಾಕಿ. ಆದರೆ ಕಾನೂನು ಕಸವನ್ನಲ್ಲ, ಒಲೆಯನ್ನೇ ಹಿಡಿದಿದೆ. ಮತ್ತೆ ಆ ಗುಂಪಿನ ದಂಡ ನೋಡಿ. ಒಬ್ಬನೇ ಬಂದು ಬಾಟಲಿ ಒಡೆದವನಿಗೆ 2,000, ಒಂದು ಕುಟುಂಬ ಸೇರಿ ಒಂದು ಬೋಗುಣಿ ಅನ್ನ ಇಟ್ಟರೆ 10,000. ತಲೆ ಲೆಕ್ಕದಲ್ಲಿ ಕಡಿಮೆಯೇ ಬಿತ್ತಲ್ಲ ಅಂತ ವಾದಿಸಬಹುದು. ಆದರೆ ತಲೆ ಹದಿನಾಲ್ಕಿದ್ದರೂ ಒಲೆ ಒಂದೇ. ಬಡವರು ಗುಂಪಾಗಿ ತಿರುಗೋದು ಶೋಕಿಗಲ್ಲ, ಖರ್ಚು ಹಂಚಿಕೊಳ್ಳೋದಕ್ಕೆ. ಆ ಗುಂಪೇ ದಂಡ ಏರೋದಕ್ಕೆ ಕಾರಣ ಆಗ್ತದೆ.

ಹಾಗಂತ ಕಡಲೂರಿನವರದ್ದೆಲ್ಲ ಸೊಕ್ಕು ಅಂತ ನಾನು ಹೇಳ್ತಿಲ್ಲ. ಗೋಕರ್ಣದ ರಥಬೀದಿಯಲ್ಲಿ ಒಮ್ಮೆ ನಡೆದು ನೋಡಿ. ಒಂದು ಕಡೆ ಮಹಾಬಲೇಶ್ವರ, ಪಕ್ಕದಲ್ಲೇ ಗಣಪತಿ, ಎರಡೂ ಬದಿಗೆ ಅಂಗಡಿ, ಅಂಗಡಿ ಹಿಂದೆ ಜನ ವಾಸ ಮಾಡೋ ಮನೆಗಳು. ಶಿವರಾತ್ರಿಗೆ ತೇರು ಎಳೆಯೋ ಬೀದಿ ಅದು, ಕ್ರೂಸರಿನ ಸಾಲಿಗೆ ಮಾಡಿದ್ದಲ್ಲ. ಅಲ್ಲಿ ಹತ್ತು ಗಾಡಿ ನಿಂತರೆ ಆಂಬುಲೆನ್ಸ್ ಬರೋದಕ್ಕೂ ದಾರಿ ಇರಲ್ಲ. ಮುಂಜಾನೆ ಎದ್ದು ಬಾಗಿಲು ತೆಗೆದರೆ ಕಟ್ಟೆಯ ಮೇಲೆ ಅಪರಿಚಿತರು ಹಲ್ಲುಜ್ಜುತ್ತಿದ್ದರೆ, ಬಾವಿಯ ಪಕ್ಕ ಯಾರೋ ಮುಸುರೆ ತಿಕ್ಕುತ್ತಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನಮ್ಮೂರ ಅಗಸಿಯಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ನಾವು ಸುಮ್ಮನಿರ್ತಿದ್ವಾ? ಬೀದಿಯಲ್ಲಿ ಬೇಡ ಅನ್ನೋದು ನ್ಯಾಯ. ತಂಟೆ ಇರೋದು ಅಲ್ಲಿಗೇ ನಿಲ್ಲಿಸೋದರಲ್ಲಿ.

ಈಗ ಇದೇ ವರ್ಷಗಳ ಇನ್ನೊಂದು ಸುದ್ದಿ ಪಕ್ಕಕ್ಕಿಟ್ಟು ನೋಡಿ. 2021ರಲ್ಲಿ ಕೇರಳ ಸರ್ಕಾರ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಹಾಸಿಗೆ, ಅಡುಗೆ ಕಟ್ಟೆ, ಶೌಚಾಲಯ ಎಲ್ಲಾ ಇರುವ ಗಾಡಿ. ಅದು ರಾತ್ರಿ ನಿಲ್ಲೋದಕ್ಕೆ ಕರೆಂಟು, ನೀರು ಇರುವ ಪಾರ್ಕು. ಗಾಡಿ ಕೊಳ್ಳುವ ಉದ್ಯಮಿಗಳಿಗೆ ಸಹಾಯಧನವನ್ನೂ ಘೋಷಿಸಿತು. ಕೇಂದ್ರ ಪ್ರವಾಸೋದ್ಯಮ ಇಲಾಖೆಯಲ್ಲೂ ಕ್ಯಾರವಾನ್ ಪಾರ್ಕುಗಳಿಗೆ ಅಂತಲೇ ಒಂದು ನೀತಿ ಇದೆ. ಮಾಡೋ ಕೆಲಸ ಎರಡೂ ಕಡೆ ಒಂದೇ: ಗಾಡಿಯಲ್ಲಿ ಮಲಗೋದು, ಗಾಡಿಯ ಪಕ್ಕ ಅಡುಗೆ ಮಾಡ್ಕೊಂಡು ಉಣ್ಣೋದು. ಬಾಡಿಗೆ ಸಾವಿರಗಟ್ಟಲೆ ಆದರೆ ಅದಕ್ಕೆ ‘ಅನುಭವ ಪ್ರವಾಸ’ ಅಂತ ಹೆಸರು. ಕ್ರೂಸರಿನಲ್ಲಾದರೆ ‘ಉಪದ್ರವ’ ಅಂತ ಹೆಸರು.

ಇದಕ್ಕೊಂದು ಉತ್ತರ ಇದೆ, ಅದು ಗಟ್ಟಿ ಉತ್ತರವೇ. ಕ್ಯಾರವಾನಿನಲ್ಲಿ ಕೊಳೆ ನೀರಿಗೆ ಟ್ಯಾಂಕು ಇದೆ, ಶೌಚಾಲಯ ಇದೆ, ಕ್ರೂಸರಿನಲ್ಲಿ ಇಲ್ಲ. ಒಪ್ಪಿದೆ. ಆದರೆ ಇದರಿಂದ ಏನು ತಿಳೀತು? ಸಮಸ್ಯೆ ಗಾಡಿಯದ್ದಲ್ಲ, ಬಡವರ ಒಲೆಯದ್ದೂ ಅಲ್ಲ, ಟ್ಯಾಂಕಿನದ್ದು. ಗಾಡಿಯಲ್ಲಿ ಇಲ್ಲದ ಟ್ಯಾಂಕು ನೆಲದಲ್ಲಿ ಇದ್ದರೆ ಆಯ್ತಲ್ಲ! ಊರ ಹೊರಗೆ ಎರಡು ಎಕರೆ, ಹತ್ತು ನಲ್ಲಿ, ಹೆಣ್ಣುಮಕ್ಕಳಿಗೆ ಚಿಲಕ ಇರುವ ಶೌಚಾಲಯ, ಒಲೆ ಇಡೋದಕ್ಕೆ ಕಲ್ಲುಕಟ್ಟೆ, ಮುಸುರೆಗೆ ಇಂಗುಗುಂಡಿ, ಒಂದು ದೀಪ. ಇದು ರಾಕೆಟ್ ಬಿಡೋ ಕೆಲಸ ಅಲ್ಲ.

ಇದನ್ನು ಬರೀ ಅನುಕೂಲದ ಮಾತು ಅಂತ ತಿಳೀಬೇಡಿ. ರಾತ್ರಿ ಒಂದು ಗಂಟೆಗೆ ಲಾಠಿ ತಟ್ಟಿ ‘ಇಲ್ಲಿಂದ ತೆಗೀರಿ’ ಅಂದರೆ ಡ್ರೈವರ್ ಏನು ಮಾಡ್ತಾನೆ? ನಿಲ್ಲಿಸಬಾರದು ಅಂದ್ರೆ ಓಡಿಸು ಅಂತಲೇ ಅರ್ಥ. ಬೆಳಗಿನಿಂದ ಸ್ಟೇರಿಂಗ್ ಹಿಡಿದವನು ನಿದ್ದೆಗಣ್ಣಿನಲ್ಲಿ ಮತ್ತೆ ಹೆದ್ದಾರಿಗೆ ಬೀಳ್ತಾನೆ. ಮುಂದೆ ಇರೋದು ಅರಬೈಲ್ ಘಾಟು, ಇಲ್ಲಾ ಅಂಬೋಲಿ ಘಾಟು. ಒಳಗೆ 14 ಜನ ಮಲಗಿರ್ತಾರೆ. ಬೋರ್ಡು ಬರೆಸಿದವರ ಪಾಲಿಗೆ ಬೀದಿ ಖಾಲಿಯಾಯ್ತು, ಕೆಲಸ ಮುಗೀತು. ಆ ಗಾಡಿಯ ರಾತ್ರಿ ಅಲ್ಲಿಂದಲೇ ಶುರು. ಹೆಣ್ಣುಮಕ್ಕಳ ಕಥೆ ಇನ್ನೂ ಬೇರೆ. ಶೌಚಾಲಯ ಎಲ್ಲಿ ಸಿಗುತ್ತೋ ಏನೋ ಅಂತ ಮಧ್ಯಾಹ್ನದಿಂದಲೇ ನೀರು ಕುಡಿಯೋದು ಬಿಟ್ಟಿರ್ತಾರೆ. ಇದು ನಮ್ಮ ಕಡೆಯ ಯಾವ ಮನೆಯಲ್ಲಿ ಕೇಳಿದರೂ ಹೇಳ್ತಾರೆ.

ಕಾನೂನಿನಲ್ಲಿ ದಾರಿ ಇಲ್ಲ ಅಂತೇನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂ ನೋಡಿ. ಸ್ಥಳೀಯ ಸಂಸ್ಥೆಯ ಜೊತೆ ಮಾತಾಡಿ, ಗಾಡಿಗಳು ಎಲ್ಲಿ ನಿಲ್ಲಬಹುದು, ಎಷ್ಟು ಹೊತ್ತು ನಿಲ್ಲಬಹುದು ಅಂತ ಗೊತ್ತು ಮಾಡುವ ಅಧಿಕಾರವನ್ನು ಅದು ರಾಜ್ಯ ಸರ್ಕಾರಕ್ಕೆ, ಸರ್ಕಾರ ಹೇಳಿದ ಅಧಿಕಾರಿಗೆ ಕೊಡುತ್ತದೆ. ‘ಎಲ್ಲಿ ನಿಲ್ಲಬಾರದು’ ಅಂತಲ್ಲ, ‘ಎಲ್ಲಿ ನಿಲ್ಲಬಹುದು’ ಅಂತ. ಬೋರ್ಡಿಗೆ ಬೇಕಾದ ಇನ್ನರ್ಧ ವಾಕ್ಯ ಕಾಯ್ದೆಯಲ್ಲೇ ಬಿದ್ದುಕೊಂಡಿದೆ.

ಗಾಡಿಯನ್ನೇ ಮನೆ ಮಾಡಿಕೊಂಡು ಬರುವವರನ್ನು ಹ್ಯಾಗೆ ಇಳಿಸಿಕೊಳ್ಳಬೇಕು ಅನ್ನೋದು ನಮ್ಮ ನಾಡಿಗೆ ಹೊಸ ಪ್ರಶ್ನೆಯೂ ಅಲ್ಲ. ರಾಯಬಾಗ ತಾಲ್ಲೂಕಿನ ಚಿಂಚಲಿಗೆ ಭಾರತ ಹುಣ್ಣಿವೆಯ ಹೊತ್ತಿಗೆ ಬಂದು ನೋಡಿ. ಮಾಯಕ್ಕನ ಜಾತ್ರೆಗೆ ಕೊಲ್ಲಾಪುರ, ಸಾಂಗ್ಲಿ, ಸೋಲಾಪುರದ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರ್ತಾರೆ. ಚಕ್ಕಡಿಯ ಮೇಲೆ ಕಮಾನು, ಒಳಗೆ ಹಾಸಿಗೆ, ಕೆಳಗೆ ಮೇವು, ಪಕ್ಕದಲ್ಲಿ ಮೂರು ಕಲ್ಲಿನ ಒಲೆ. ಊರ ಸುತ್ತಲಿನ ಹೊಲಗಳೆಲ್ಲ ಆ ದಿನಗಳಲ್ಲಿ ಬಿಡಾರ. ‘ಇಲ್ಲಿ ಅಡುಗೆ ಮಾಡಬಾರದು’ ಅಂತ ಯಾರೂ ಹೇಳಲ್ಲ, ಯಾಕಂದ್ರೆ ಅಡುಗೆ ಮಾಡಿ ನೈವೇದ್ಯ ಹಿಡಿಯೋದೇ ಜಾತ್ರೆ. ಬಂದವರ ಭಾಷೆ ಮರಾಠಿ, ಊರಿನದ್ದು ಕನ್ನಡ. ಗಡಿ ಜಗಳದ ಕಾವಿನಲ್ಲೂ ಆ ಹೊಲಗಳಲ್ಲಿ ಎತ್ತು ಬಿಚ್ಚಿದ್ದಾರೆ. ಚಿಂಚಲಿಯನ್ನು ಸ್ವರ್ಗ ಅಂತ ತೋರಿಸೋದಕ್ಕೆ ಇದನ್ನು ಹೇಳ್ತಿಲ್ಲ. ಜಾತ್ರೆ ಮುಗಿದ ಮೇಲೆ ಊರಿನವರು ಮೂಗು ಹಿಡಿದುಕೊಂಡೇ ಓಡಾಡಬೇಕು, ಹಳ್ಳದ ಗತಿ ಹೇಳಬಾರದು. ಜಾಗ ಕೊಟ್ಟ ಮಾತ್ರಕ್ಕೆ ಆಗಲ್ಲ, ಶೌಚಾಲಯವೂ ಬೇಕು ಅನ್ನೋದಕ್ಕೆ ಚಿಂಚಲಿಯೇ ಸಾಕ್ಷಿ.

ಎರಡನ್ನೂ ಕೂಡಿಸಿದ್ದು ಪಂಢರಪುರ. ಅಥಣಿ, ಕಾಗವಾಡದ ಕಡೆಯ ವಾರಕರಿಗಳಿಗೆ ಇದು ಕಣ್ಣಾರೆ ಕಂಡ ಸಂಗತಿ. ಚಂದ್ರಭಾಗಾ ನದಿಯ ಮರಳಿನಲ್ಲೇ ರಾಹುಟಿ ಹೊಡೆಯೋದು ಹಿಂದಿನಿಂದ ಬಂದ ರೂಢಿ. ನದಿ ಹೊಲಸಾಗ್ತಿದೆ ಅಂತ ಮುಂಬಯಿ ಹೈಕೋರ್ಟ್ ಅದಕ್ಕೆ ತಡೆ ಹಾಕಿತು. ವಾರಿಗೆ ಲಕ್ಷಗಟ್ಟಲೆ ಮಂದಿ ಬರ್ತಾರೆ, ಅವರನ್ನು ‘ಇಲ್ಲಿಂದ ತೆಗೀರಿ’ ಅಂತ ಎಲ್ಲಿಗೆ ಓಡಿಸ್ತೀರಿ? ಹಾಗಾಗಿ ನದಿಯ ಆಚೆ ದಂಡೆಗೆ 65 ಎಕರೆ ಜಾಗ ಗೊತ್ತು ಮಾಡಿ, ಪ್ಲಾಟು ಪ್ಲಾಟಾಗಿ ಗುರುತು ಹಾಕಿ, ನಲ್ಲಿ, ದೀಪ, ಶೌಚಾಲಯ ಮಾಡಿಕೊಟ್ಟರು. ಇವತ್ತಿಗೂ ಆ ಜಾಗಕ್ಕೆ ‘65 ಎಕರೆ’ ಅಂತಲೇ ಹೆಸರು. ‘ಇಲ್ಲಿ ಬೇಡ, ಅಲ್ಲಿ’ ಅಂತ ಪೂರಾ ವಾಕ್ಯ ಹೇಳಿದರೆ ಹೀಗಿರುತ್ತದೆ.

ಹೊರದೇಶದಲ್ಲೂ ಜಗಳ ಇದೇ. ಇಂಗ್ಲೆಂಡಿನ ಸ್ಕಾರ್‌ಬರೋ ಅನ್ನೋ ಸಮುದ್ರದೂರಿನಲ್ಲಿ ದಂಡೆಯ ರಸ್ತೆಗಳಲ್ಲಿ ರಾತ್ರಿ ಮೋಟರ್‌ಹೋಮ್ ನಿಲ್ಲಿಸಬಾರದು ಅಂತ ಅಲ್ಲಿನ ಕೌನ್ಸಿಲ್ ನಿಯಮ ಮಾಡಿತು. ಫ್ರಾನ್ಸಿನಲ್ಲಿ ಸಣ್ಣ ಸಣ್ಣ ಊರುಗಳೇ ಇಂಥ ಗಾಡಿಗಳಿಗೆ ಅಂತ ಜಾಗ ಬಿಟ್ಟಿವೆ. ನೀರು ತುಂಬಿಸಿಕೊಳ್ಳೋಕೆ ನಲ್ಲಿ, ಕೊಳೆ ನೀರು ಸುರಿಯೋಕೆ ಗುಂಡಿ, ಕೆಲವು ಕಡೆ ಪುಕ್ಕಟೆ, ಕೆಲವು ಕಡೆ ಸಣ್ಣ ಶುಲ್ಕ. ಬೆಳಗ್ಗೆ ಎದ್ದವರು ಅದೇ ಊರಿನ ಅಂಗಡಿಯಲ್ಲಿ ಬ್ರೆಡ್ಡು ಕೊಳ್ತಾರೆ. ನಮ್ಮವರೂ ಕೊಳ್ತಾರೆ. ಅಕ್ಕಿ ತಂದಿದ್ದರೂ ಹಾಲು, ಕಾಯಿಪಲ್ಲೆ, ಎಳನೀರು, ಹುಡುಗರಿಗೆ ಐಸ್‌ಕ್ರೀಮು, ಮನೆಗೆ ಗೋಡಂಬಿ ಎಲ್ಲಾ ಆ ಊರಲ್ಲೇ. ‘ಇವರಿಂದ ಊರಿಗೆ ಮೂರು ಕಾಸಿನ ಲಾಭ ಇಲ್ಲ’ ಅನ್ನೋ ಮಾತು ಪೂರ್ತಿ ಖರೆ ಅಲ್ಲ.

ನಮ್ಮ ಮಂದಿಗೂ ಒಂದು ಮಾತು. ಜಾಗ ಕೇಳುವವರು ಜಾಗ ತೊಳೆದು ಹೋಗಬೇಕು. ರಾತ್ರಿಗೆ 200 ರೂಪಾಯಿ ಪಾವತಿ ಹರಿದರೆ ‘ದೇವರ ಊರಲ್ಲೂ ರೊಕ್ಕಾನಾ’ ಅಂತ ವಾದಕ್ಕೆ ನಿಲ್ಲಬಾರದು. ನೀರು ಪುಕ್ಕಟೆ ಬರಲ್ಲ, ಶೌಚಾಲಯ ತಾನಾಗಿ ತೊಳೆದುಕೊಳ್ಳಲ್ಲ, ತೊಳೆಯುವವರಿಗೆ ಪಗಾರ ಕೊಡಬೇಕು. ಹೊಟೇಲಿಗೆ ಹೋಗುವ ದುಡ್ಡಿನಲ್ಲಿ ಕಾಲು ಭಾಗ ಇದಕ್ಕೆ ಕೊಟ್ಟರೂ ನಮಗೆ ಉಳಿತಾಯವೇ.

ಆ ಜಾಗ ಬರುವ ತನಕ ಕಡಲೂರಿನ ಪಂಚಾಯಿತಿಗಳು ಒಂದು ಕೆಲಸವನ್ನಂತೂ ಈ ವಾರವೇ ಮಾಡಬಹುದು. ಜಾತ್ರೆ ಮೈದಾನವೋ, ಸೂಟಿಯಲ್ಲಿ ಖಾಲಿ ಇರುವ ಶಾಲೆಯ ಬಯಲೋ, ಬಸ್ ನಿಲ್ದಾಣದ ಹಿಂದಿನ ಜಾಗವೋ ಯಾವುದಾದರೂ ಒಂದನ್ನು ಗೊತ್ತು ಮಾಡಿ, ಈಗಿರುವ ಬೋರ್ಡಿನ ಕೆಳಗೆ ಎರಡನೇ ಸಾಲು ಬರೆಸಲಿ: ‘ರಾತ್ರಿ ನಿಲ್ಲುವ ಗಾಡಿಗಳಿಗೆ ಜಾಗ ಇಷ್ಟು ದೂರದಲ್ಲಿದೆ, ಬಾಡಿಗೆ ಇಷ್ಟು, ನೀರಿದೆ.’ ಪೇಂಟರಿಗೆ ಒಂದು ತಾಸಿನ ಕೆಲಸ. ಆ ಎರಡನೇ ಸಾಲು ಬಂದಮೇಲೂ ರಥಬೀದಿಯಲ್ಲೇ ಗಾಡಿ ನಿಲ್ಲಿಸಿದವನಿಗೆ ದಂಡ ಹಾಕಿ, ನಾನೂ ಬೇಡ ಅನ್ನಲ್ಲ.