ಗುದ್ದಲಿ ಪೂಜೆಯ ಆಚೆಗಿನ ಸುದ್ದಿ

ಕನ್ನಡದ ಯಾವುದೇ ದಿನಪತ್ರಿಕೆಯ ಜಿಲ್ಲಾ ಪುಟ ಬಿಡಿಸಿದರೂ ಒಂದು ಗುದ್ದಲಿ ಪೂಜೆಯ ಫೋಟೊ ಕಣ್ಣಿಗೆ ಬೀಳುತ್ತದೆ. ಶಾಸಕರ ಕೈಯಲ್ಲಿ ಗುದ್ದಲಿ, ಪಕ್ಕದಲ್ಲಿ ಗುತ್ತಿಗೆದಾರ, ಹಿಂದೆ ಕತ್ತು ಉದ್ದ ಮಾಡಿ ನಿಂತ ಪಂಚಾಯಿತಿ ಸದಸ್ಯರು. ಕೆಳಗೆ ಕಾಮಗಾರಿಯ ಮೊತ್ತ ಮತ್ತು ಹಾಜರಿದ್ದವರ ಹೆಸರು. ಆ ರಸ್ತೆ ಮುಗಿಯಿತೇ, ಮೊದಲ ಮಳೆಗೇ ಡಾಂಬರು ಕಿತ್ತುಹೋಯಿತೇ ಎಂಬುದು ಅದೇ ಪುಟದಲ್ಲಿ ಬರುವುದು ಅಪರೂಪ. ಇಂಥದ್ದಕ್ಕೆ ಅಭಿವೃದ್ಧಿ ಸುದ್ದಿ ಎಂದು ಹೆಸರಿಟ್ಟು ಎಲ್ಲರೂ ಒಗ್ಗಿಹೋಗಿದ್ದೇವೆ. ಅಭಿವೃದ್ಧಿ ಪತ್ರಿಕೋದ್ಯಮ ಎಂಬ ಪಂಥ ಹುಟ್ಟಿದ್ದು ಮಾತ್ರ ಇದಕ್ಕೆ ತದ್ವಿರುದ್ಧವಾದ ಆಸೆಯಿಂದ.

1960ರ ದಶಕದ ಕೊನೆಯಲ್ಲಿ ಮನಿಲಾದ ಪ್ರೆಸ್ ಫೌಂಡೇಷನ್ ಆಫ್ ಏಷ್ಯಾ ಈ ಕಲ್ಪನೆಗೆ ರೂಪ ಕೊಟ್ಟಿತು. ಪತ್ರಕರ್ತ ಅಲನ್ ಚಾಕ್ಲಿಯಂಥವರು ಏಷ್ಯಾದ ವರದಿಗಾರರಿಗೆ ಅರ್ಥಶಾಸ್ತ್ರದ ಪಾಠ ಹೇಳಿದರು. ಬೆಳೆ, ಬೆಲೆ, ಸಾಲಗಳ ಲೆಕ್ಕ ಸಾಮಾನ್ಯ ಓದುಗನಿಗೂ ತಿಳಿಯಬೇಕು, ಯೋಜನೆ ಹೇಳಿದ್ದೇನು ಮತ್ತು ಆದದ್ದೇನು ಎಂದು ವರದಿಗಾರ ಒರೆಗೆ ಹಚ್ಚಿ ನೋಡಬೇಕು ಎಂಬುದು ಅವರ ಆಶಯವಾಗಿತ್ತು. ಭಾರತದಲ್ಲಿ ಇದಕ್ಕೆ ಹತ್ತಿರದ ಪ್ರಯೋಗ ನಡೆದದ್ದು 1969ರಲ್ಲಿ. ಹಿಂದೂಸ್ತಾನ್ ಟೈಮ್ಸ್‌ನ ಸಂಪಾದಕರಾಗಿದ್ದ ಬಿ.ಜಿ. ವರ್ಗೀಸ್ ಹರಿಯಾಣದ ಛತೇರಾ ಎಂಬ ಹಳ್ಳಿಯನ್ನು ಆರಿಸಿಕೊಂಡು, ವರದಿಗಾರರನ್ನು ಮತ್ತೆ ಮತ್ತೆ ಅಲ್ಲಿಗೆ ಕಳಿಸಿ ಅಂಕಣ ಬರೆಸಿದರು. ಅಲ್ಲಿ ಕೊಲೆ ನಡೆದಿರಲಿಲ್ಲ, ನೆರೆ ಬಂದಿರಲಿಲ್ಲ, ಮಂತ್ರಿ ಭೇಟಿ ಕೊಟ್ಟಿರಲಿಲ್ಲ. ದಿನನಿತ್ಯದ ಬದುಕೇ ಸುದ್ದಿಯಾಗಬಲ್ಲದು ಎಂದು ದೆಹಲಿಯ ಪತ್ರಿಕೆಯೊಂದು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. ಆದರೆ ಅಂಕಣ ಇದ್ದದ್ದು ಇಂಗ್ಲಿಷಿನಲ್ಲಿ. ತಮ್ಮ ಬಗ್ಗೆ ಬರೆದದ್ದನ್ನು ಓದಿ, ಇದು ಹೀಗಲ್ಲ ಎಂದು ತಿದ್ದುವ ಅವಕಾಶ ಛತೇರಾದ ಬಹುಪಾಲು ಜನಕ್ಕೆ ಇರಲಿಲ್ಲ. ಹಳ್ಳಿಯ ಪರವಾಗಿ ಪಟ್ಟಣ ಮಾತಾಡುವ ಈ ಚಾಳಿ ಪಂಥಕ್ಕೆ ಹುಟ್ಟಿನಿಂದಲೇ ಅಂಟಿಕೊಂಡಿತು.

ಆಮೇಲೆ ಹಳ್ಳಿಯ ಪರವಾಗಿ ಮಾತಾಡುವ ಕೆಲಸವನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. 1975ರ ತುರ್ತು ಪರಿಸ್ಥಿತಿಯಲ್ಲಿ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಗುಣಗಾನವೇ ಅಭಿವೃದ್ಧಿ ಸುದ್ದಿಯಾಯಿತು. 1976ರಲ್ಲಿ ನಾಲ್ಕು ಸುದ್ದಿಸಂಸ್ಥೆಗಳನ್ನು ಸೇರಿಸಿ ‘ಸಮಾಚಾರ್’ ಎಂಬ ಒಂದೇ ಸಂಸ್ಥೆ ಮಾಡಲಾಯಿತು. 1976-77ರಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಆ ಸಂಖ್ಯೆ ಸಾಧನೆಯಾಗಿ ಅಚ್ಚಾಯಿತು. ಬಲವಂತಕ್ಕೆ ಒಳಗಾದವರ ಮಾತು ಸೆನ್ಸಾರ್ ಮೇಜು ದಾಟಲಿಲ್ಲ. ಅದೇ ಹೊತ್ತಿನಲ್ಲಿ ಹಳ್ಳಿಗಳಿಗೆ ಟಿ.ವಿ. ಪಾಠ ಮುಟ್ಟಿಸುವ ‘ಸೈಟ್’ ಪ್ರಯೋಗದ ಮೂಲಕ ಉಪಗ್ರಹ ಟಿ.ವಿ. ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ತಂತ್ರಜ್ಞಾನದ ದೃಷ್ಟಿಯಿಂದ ದೊಡ್ಡ ಹೆಜ್ಜೆ, ನಿಜ. ಆದರೆ ಟಿ.ವಿ. ಮುಂದೆ ಕೂತ ರೈತ ಕೇಳಿಸಿಕೊಳ್ಳಬಹುದಿತ್ತು, ತಿರುಗಿ ಕೇಳುವಂತಿರಲಿಲ್ಲ.

ಬಡ ದೇಶದಲ್ಲಿ ಪತ್ರಿಕೆ ಏಕೆ ಬೇಕು ಎಂಬುದಕ್ಕೆ ಬಲವಾದ ಉತ್ತರ ಬಂದದ್ದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರಿಂದ. ಚುನಾವಣೆ ಮತ್ತು ಸ್ವತಂತ್ರ ಪತ್ರಿಕೆಗಳಿರುವ ದೇಶದಲ್ಲಿ ದೊಡ್ಡ ಕ್ಷಾಮ ಬರಲಾರದು ಎಂದರು ಅವರು. 1943ರ ಬಂಗಾಳದ ಕ್ಷಾಮದಲ್ಲಿ ‘ಸ್ಟೇಟ್ಸ್‌ಮನ್’ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್‌ನಲ್ಲಿ ಹಸಿದವರ ಫೋಟೊಗಳನ್ನು ಪ್ರಕಟಿಸಿದ ಮೇಲೆಯೇ ಲಂಡನ್ನಿಗೆ ಬಿಸಿ ಮುಟ್ಟಿತು. ಸೇನ್ ಅವರ ಮಾತಿನ ಇನ್ನೊಂದು ಅರ್ಧವನ್ನು ಮಾತ್ರ ಪತ್ರಕರ್ತರು ಅಷ್ಟಾಗಿ ನೆನಪಿಡುವುದಿಲ್ಲ. ಕ್ಷಾಮ ತಡೆದ ಇದೇ ಭಾರತದಲ್ಲಿ ಅಪೌಷ್ಟಿಕತೆ ಹಾಗೇ ಉಳಿದಿದೆ ಎಂದೂ ಅವರು ಹೇಳಿದ್ದರು. ಒಮ್ಮೆಗೇ ಸಾಯುವವರು ಪತ್ರಿಕೆಗೆ ಕಾಣುತ್ತಾರೆ. ದಿನಾ ಒಂದಿಷ್ಟು ಕಡಿಮೆ ಉಂಡು ಸೊರಗುವ ಮಗು ಕಾಣುವುದಿಲ್ಲ. ಪತ್ರಕರ್ತ ಪಿ. ಸಾಯಿನಾಥ್ ದೇಶದ ಅತಿ ಬಡ ಜಿಲ್ಲೆಗಳನ್ನು ಸುತ್ತಿ 1996ರಲ್ಲಿ ತಂದ ಪುಸ್ತಕ, ಕನ್ನಡದಲ್ಲಿ ‘ಬರ ಅಂದ್ರೆ ಎಲ್ಲರಿಗೂ ಇಷ್ಟ’, ಈ ಕುರುಡನ್ನೇ ಎತ್ತಿ ತೋರಿಸಿತು.

ಕುರುಡು ಹರಿಯುವುದು ಹೇಗೆ? ನನಗೆ ಸಿಕ್ಕ ಅತ್ಯುತ್ತಮ ಉತ್ತರ ಕಾಸರಗೋಡಿನ ಗಡಿಯದು. ಅಲ್ಲಿ ಸರ್ಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದರು. 1979ರ ಸುಮಾರಿಗೆ ಊರಿನಲ್ಲಿ ಕೈಕಾಲು ಸೊಟ್ಟಗಿರುವ ಕರುಗಳು ಹುಟ್ಟಿದ್ದನ್ನು ಗಮನಿಸಿ, ಇದಕ್ಕೂ ಸಿಂಪಡಣೆಗೂ ಸಂಬಂಧವಿರಬಹುದೇ ಎಂದು ಬರೆದವರು ಅಲ್ಲಿನವರೇ ಆದ ಕೃಷಿಕ, ಪತ್ರಕರ್ತ ಶ್ರೀಪಡ್ರೆ. ಹೊರಗಿನಿಂದ ಬಂದ ವರದಿಗಾರನಿಗೆ ಆ ಕರು ಒಂದು ವಿಚಿತ್ರ ಸುದ್ದಿಯಾಗುತ್ತಿತ್ತು, ಒಂದು ದಿನದ್ದು. ಹಟ್ಟಿಯಲ್ಲಿ ದನ ಕಟ್ಟುವವನಿಗೆ ಅದು ಹೆದರಿಕೆ. ಆಮೇಲೆ ಮಕ್ಕಳ ಕಾಯಿಲೆಗಳನ್ನು ಊರಿನ ವೈದ್ಯರು ಗುರುತಿಸಿದರು, ಜನ ಕೋರ್ಟಿಗೆ ಹೋದರು. ಸಿಂಪಡಣೆ ನಿಲ್ಲಲು 2000ನೇ ಇಸವಿ ಬರಬೇಕಾಯಿತು, ಸುಪ್ರೀಂ ಕೋರ್ಟ್ ದೇಶದಲ್ಲೇ ಈ ವಿಷವನ್ನು ತಡೆಯಲು 2011. ಅಷ್ಟು ವರ್ಷ ಒಂದೇ ವಿಷಯಕ್ಕೆ ಅಂಟಿಕೊಂಡಿರಲು ಅಲ್ಲಿ ಬದುಕುವವರಿಗೆ ಮಾತ್ರ ಸಾಧ್ಯ.

ಅದೇ ಶ್ರೀಪಡ್ರೆ ಸಂಪಾದಕೀಯ ಹೊಣೆ ಹೊತ್ತ, ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ಯ ಘೋಷಣೆ, ಕೃಷಿಕರ ಕೈಗೆ ಲೇಖನಿ. ಇಂಗು ಗುಂಡಿ ತೋಡಿದವರು, ಹಲಸಿಗೆ ಮಾರುಕಟ್ಟೆ ಹುಡುಕಿದವರು ತಾವೇ ಬರೆದರು. ಛತೇರಾದ ಅಂಕಣ ತಲುಪದ ಜಾಗವನ್ನು ಇದು ತಲುಪಿತು ಎಂದು ನಾನು ನಂಬುತ್ತೇನೆ. ಆದರೂ ಇದು ಮುಖ್ಯವಾಗಿ ತೋಟ ಉಳ್ಳವರ ಪತ್ರಿಕೆ. ಅಡಿಕೆ ಸುಲಿಯುವ ಹೆಂಗಸಿನ, ಮರ ಹತ್ತಿ ಕೊನೆ ಕೊಯ್ಯುವವನ ಕೈಗೆ ಆ ಲೇಖನಿ ಇನ್ನೂ ಸಲೀಸಾಗಿ ದಾಟಿಲ್ಲ. 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಹಳ್ಳಿಯ ಹೆಂಗಸರು, ಹೆಚ್ಚಾಗಿ ದಲಿತರು, ಶುರುಮಾಡಿದ ‘ಖಬರ್ ಲಹರಿಯಾ’ ಆ ಹೆಜ್ಜೆ ಇಟ್ಟಿತು. ಕನ್ನಡಕ್ಕೆ ಅಂಥದ್ದೊಂದು ಬೇಕಾಗಿದೆ.

ದೊಡ್ಡ ಪತ್ರಿಕೆಗಳಲ್ಲಿ ಒಂದೇ ವಿಷಯಕ್ಕೆ ಅಂಟಿಕೊಂಡು ಬರೆಯುವ ಈ ಕೆಲಸ ಏಕೆ ಆಗುವುದಿಲ್ಲ ಎಂಬುದಕ್ಕೆ ಕಾರಣ ಸಂಪಾದಕರ ಆದರ್ಶದಲ್ಲಿ ಹುಡುಕಿದರೆ ಸಿಗದು, ತಾಲ್ಲೂಕು ವರದಿಗಾರನ ಸಂಬಳದಲ್ಲಿ ಸಿಗುತ್ತದೆ. ಎಷ್ಟೋ ಕಡೆ ಅವನಿಗೆ ಕಾಯಂ ನೌಕರಿ ಇಲ್ಲ, ಸುದ್ದಿ ಲೆಕ್ಕದಲ್ಲಿ ಪುಡಿಗಾಸು. ರಾಜ್ಯೋತ್ಸವದ ವಿಶೇಷ ಪುರವಣಿಗೆ, ನಾಯಕರ ಹುಟ್ಟುಹಬ್ಬಕ್ಕೆ ಜಾಹೀರಾತು ತರುವ ಗುರಿಯೂ ಅವನ ತಲೆ ಮೇಲೆ. ಜಾಹೀರಾತು ಕೊಡುವವನು ರಸ್ತೆ ಮಾಡುವ ಗುತ್ತಿಗೆದಾರನೇ ಆಗಿರುವಾಗ, ಆ ರಸ್ತೆಯ ಡಾಂಬರು ಎಷ್ಟು ತೆಳ್ಳಗಿದೆ ಎಂದು ಅಳೆದು ಬರೆಯಿರಿ ಎಂದು ಯಾವ ಮುಖ ಇಟ್ಟುಕೊಂಡು ಅವನಿಗೆ ಹೇಳುವುದು? ಮೊದಲು ಅವನಿಗೆ ತಿಂಗಳ ಸಂಬಳ ಸಿಗಲಿ, ಜಾಹೀರಾತಿನ ಗುರಿ ಅವನ ಹೆಗಲಿನಿಂದ ಇಳಿಯಲಿ, ಒಂದೇ ಊರಿಗೆ ವರ್ಷಗಟ್ಟಲೆ ಹೋಗಿಬರುವ ಬಿಡುವು ಸಿಗಲಿ.