ಕವಲು ಹಳಿಯ ಉಗಿ ರೈಲುಕಾರು: ಒಂದು ಮೌಲ್ಯಮಾಪನ

ಮಂಗಳೂರಿಗೆ ರೈಲು ಬಂದ 1907ರ ಹೊತ್ತಿಗೆ ಇಂಗ್ಲೆಂಡಿನ ಕವಲು ಮಾರ್ಗಗಳಲ್ಲಿ, ಅಂದರೆ ಮುಖ್ಯ ಹಳಿಯಿಂದ ಸಣ್ಣ ಊರುಗಳತ್ತ ಒಡೆಯುವ ದಾರಿಗಳಲ್ಲಿ, ಉಗಿ ರೈಲುಕಾರು ಬಹಳ ಭರವಸೆಯ ಪ್ರಯೋಗವಾಗಿತ್ತು. ಬಾಯ್ಲರು ಮತ್ತು ಎಂಜಿನನ್ನು ಪ್ರಯಾಣಿಕರ ಬೋಗಿಯ ಒಂದು ತುದಿಗೇ ಅಳವಡಿಸಿ ಎರಡೂ ತುದಿಗಳಿಂದ ಚಾಲನೆ ಮಾಡಬಹುದಾದ ಈ ಒಂಟಿ ಗಾಡಿಯನ್ನು ಗ್ರೇಟ್ ವೆಸ್ಟರ್ನ್ ರೈಲ್ವೆ 1903ರ ಅಕ್ಟೋಬರ್‌ನಲ್ಲಿ ಸ್ಟೋನ್‌ಹೌಸ್ ಮತ್ತು ಚಾಲ್ಫರ್ಡ್ ನಡುವೆ ಓಡಿಸತೊಡಗಿ, 1908ರೊಳಗೆ ಇಂತಹ 99 ಗಾಡಿಗಳನ್ನು ಪಡೆಯಿತು.

ಜನ ಕಡಿಮೆಯಿರುವ ದಾರಿಯಲ್ಲಿ ದೊಡ್ಡ ಗಾಡಿಯನ್ನು ಅಪರೂಪಕ್ಕೆ ಓಡಿಸುವುದಕ್ಕಿಂತ ಚಿಕ್ಕ ಗಾಡಿಯನ್ನು ಪದೇಪದೇ ಓಡಿಸಿ, ಊರೂರಿಗೆ ಸರಳ ನಿಲುಗಡೆ ಕೊಡುವುದು ಲೇಸೆಂಬ ಅದರ ಮೂಲ ವಿಚಾರ ಸರಿಯಾಗಿಯೇ ಇತ್ತು. ದೋಷವಿದ್ದದ್ದು ಜೋಡಣೆಯಲ್ಲಿ: ಬಾಯ್ಲರು ತೊಳೆಯುವ ದಿನ ಬೋಗಿಯೂ ಶೆಡ್ಡಿನಲ್ಲೇ ಉಳಿಯುತ್ತಿತ್ತು, ಸೇವೆ ಜನಪ್ರಿಯವಾಗಿ ಸಂದಣಿ ಹೆಚ್ಚಿದಾಗ ಇನ್ನೊಂದು ಬೋಗಿಯನ್ನು ಎಳೆಯಲು, ಅದರಲ್ಲೂ ಏರಿನಲ್ಲಿ, ಆ ಪುಟ್ಟ ಎಂಜಿನಿಗೆ ಶಕ್ತಿ ಸಾಲುತ್ತಿರಲಿಲ್ಲ. ಆದ್ದರಿಂದ ಬಿಚ್ಚಬಹುದಾದ ಎಂಜಿನನ್ನು ದೂರದ ತುದಿಯ ಕೋಣೆಯಿಂದಲೂ ನಿಯಂತ್ರಿಸುವ ‘ಆಟೊ ಟ್ರೈನ್’ ಅದರ ಜಾಗಕ್ಕೆ ಬಂದು, 1935ರಲ್ಲಿ ಕೊನೆಯ ರೈಲುಕಾರು ನಿವೃತ್ತಿಗೊಂಡಿತು.

ಕರ್ನಾಟಕದಲ್ಲಿ ಅದೇ ವಿಚಾರವನ್ನು ಉಗಿಯ ಬದಲು ಡೀಸೆಲ್‌ನಿಂದ ನಡೆಸಿದ್ದು ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜ್ ಹಳಿಯ ರೈಲ್ ಬಸ್. ಮಲೆನಾಡಿನ ಆ ಕವಲು ಮಾರ್ಗಕ್ಕೆ ಅದು ತಕ್ಕ ಸೇವೆಯಾಗಿದ್ದರೂ ಒಂಟಿ ಗಾಡಿಯ ಮಿತಿ ಅದಕ್ಕೂ ತಪ್ಪಲಿಲ್ಲ.

ಈ ಇತಿಹಾಸ ಮಂಗಳೂರಿಗೆ ವಿಶೇಷವಾಗಿ ಸಲ್ಲುತ್ತದೆ. ಮಂಗಳೂರು ಸೆಂಟ್ರಲ್‌ನಲ್ಲಿ ಹಳಿ ಮುಗಿಯುವುದರಿಂದ, ಬಂದ ಗಾಡಿ ಮರಳಬೇಕಾದರೆ ಎಂಜಿನನ್ನು ಇನ್ನೊಂದು ತುದಿಗೆ ಜೋಡಿಸಬೇಕಾಗುತ್ತದೆ; ಎರಡೂ ತುದಿಗಳಲ್ಲಿ ಚಾಲಕನ ಕೋಣೆಯಿರುವ, ಬೇಕಾದಷ್ಟು ಬೋಗಿಗಳನ್ನು ಕೂಡಿಸಬಹುದಾದ ಮೆಮು ವಿದ್ಯುತ್ ಗಾಡಿಗೆ ಆ ತೊಡಕೂ ಇಲ್ಲ, ಹಳೆಯ ರೈಲುಕಾರಿನ ಬಲಹೀನತೆಯೂ ಇಲ್ಲ. ಕಬಕ ಪುತ್ತೂರಿನವರೆಗಿದ್ದ ಪ್ಯಾಸೆಂಜರ್ ಗಾಡಿ 2025ರಲ್ಲಿ ಸುಬ್ರಹ್ಮಣ್ಯ ರೋಡ್‌ವರೆಗೆ ವಿಸ್ತರಣೆಗೊಂಡದ್ದು ಸ್ವಾಗತಾರ್ಹವಾದರೂ, ವಿದ್ಯಾರ್ಥಿಗೂ ಕೂಲಿಕಾರನಿಗೂ ಯಾತ್ರಿಕನಿಗೂ ದಾರಿಯ ಉದ್ದಕ್ಕಿಂತ ಗಾಡಿಗಳ ನಡುವಿನ ಅಂತರವೇ ಮುಖ್ಯ. ಉಗಿ ರೈಲುಕಾರು ಯಂತ್ರವಾಗಿ ಸೋತಿತು. ಆದರೆ ಸಣ್ಣ ಊರಿಗೂ ದಿನವಿಡೀ ರೈಲು ಸಿಗಬೇಕೆಂಬ ಅದರ ತತ್ವ ಸೋತಿಲ್ಲ, ಅದನ್ನು ಪಾಲಿಸುವ ಸಾಧನ ಈಗ ರೈಲ್ವೆಯ ಕೈಯಲ್ಲೇ ಇದೆ.