ಗಡಿಯ ತರಗತಿಯಲ್ಲಿ ಯಂತ್ರ: ಬಾಯಿಯೋ, ಕಿವಿಯೋ?

ಭಾಷೆಯ ಪಾಠಕ್ಕೆ ಉಪಕರಣ ಬಂದದ್ದು ಇಂದು ನಿನ್ನೆಯಲ್ಲ. ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದುತ್ತಿದ್ದ ಕಾಲ ಕಳೆದು ಪಾಟಿ ಬಳಪಗಳು ಬಂದವು. ಅಚ್ಚಿನ ಪುಸ್ತಕ, ಕರಿಹಲಗೆ, ಆಕಾಶವಾಣಿ, ದೂರದರ್ಶನಗಳು ಒಂದರ ಬೆನ್ನಿಗೆ ಒಂದು ಬಂದವು. ಈಗ ಮಕ್ಕಳ ಕೈಯಲ್ಲಿ ಮೊಬೈಲು ಇದೆ. ಸಾಹಿತ್ಯ ಗೋಷ್ಠಿಗಳಲ್ಲಿ ಇದರ ವಿಷಯವಾಗಿ ಎರಡೇ ಬಗೆಯ ಮಾತು ಕೇಳಿಬರುತ್ತದೆ. ತಂತ್ರಜ್ಞಾನವು ಕನ್ನಡವನ್ನು ಉಳಿಸುತ್ತದೆ ಎಂಬುದು ಒಂದು. ಅದೇ ಕನ್ನಡವನ್ನು ನುಂಗುತ್ತದೆ ಎಂಬುದು ಇನ್ನೊಂದು. ಹೊಗಳಿಕೆಗೂ ಹಳಿಯುವಿಕೆಗೂ ವಿಮರ್ಶೆಯ ಹೆಸರು ಸಲ್ಲದು. ಒಂದು ಕೃತಿಯನ್ನು ಓದಿ ಬೆಲೆ ಕಟ್ಟುವಂತೆ ಈ ಉಪಕರಣಗಳನ್ನೂ ಒಂದೊಂದಾಗಿ ಎತ್ತಿಕೊಂಡು, ನಿಲಂಗಾ, ಉಮರ್ಗಾ, ಉದಗೀರ ಸೀಮೆಯ ಮಗುವಿಗೆ ಇದರಿಂದ ಆಗುವುದೇನು ಎಂದು ಕೇಳುವುದು ಈ ಲೇಖನದ ಉದ್ದೇಶ.

ಆ ಪ್ರಶ್ನೆ ಕೇಳುವ ಮೊದಲು ನಮ್ಮ ಸೀಮೆಯ ತರಗತಿಯ ಸ್ವರೂಪವನ್ನು ಅರಿಯಬೇಕು. 1948ರವರೆಗೆ ಇದು ನಿಜಾಮರ ಹೈದರಾಬಾದು ಸಂಸ್ಥಾನದ ನೆಲ; ಆಡಳಿತಕ್ಕೂ ಮೇಲ್ಮಟ್ಟದ ಶಿಕ್ಷಣಕ್ಕೂ ಅಲ್ಲಿ ಉರ್ದುವೇ ಭಾಷೆ. ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳು ಆಗ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಮೈಸೂರು ರಾಜ್ಯಕ್ಕೂ ಈ ಮೂರು ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ ಸೇರಿದವು. ಅದೇ ವರ್ಷದ ಏಳನೆಯ ತಿದ್ದುಪಡಿಯು ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಬೇಕೆಂದು ಅದು ಹೇಳುತ್ತದೆ. ಗೆರೆ ಎಳೆದ ವರ್ಷವೇ ಗೆರೆಯಾಚೆ ಉಳಿದವರಿಗೆ ಕೊಟ್ಟ ಮಾತೂ ಹುಟ್ಟಿತು.

ಅಕ್ಕಲಕೋಟೆ, ಜತ್ತ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳುಂಟು. ಪುಣೆಯ ಬಾಲಭಾರತಿ ಸಂಸ್ಥೆ ಅವಕ್ಕೆ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚುಮಾಡುತ್ತದೆ. ನಮ್ಮ ಕಡೆ ಕನ್ನಡ ಮನೆಮಾತಿನ ಮಗು ಸಾಮಾನ್ಯವಾಗಿ ಮರಾಠಿ ಶಾಲೆಗೇ ಹೋಗುತ್ತದೆ. ಮರಾಠಿ ಅದಕ್ಕೆ ಅನ್ನದ ಭಾಷೆ, ಗೆಳೆಯರ ಭಾಷೆ. ಅದರೊಡನೆ ನಮಗೆ ಜಗಳವಿಲ್ಲ. ಆದರೆ ಆ ಮಗುವಿನ ಕನ್ನಡಕ್ಕೆ ಲಿಪಿಯಿಲ್ಲ. ಅಡುಗೆಮನೆಯಲ್ಲಿ, ಹೊಲದ ಬದುವಿನ ಮೇಲೆ ಅದು ಕನ್ನಡ ಆಡುತ್ತದೆ. ಪಾಟಿಯ ಮೇಲೆ ಬರೆಯುವುದು ದೇವನಾಗರಿ. ಹೀಗಾಗಿ ಗಡಿಯ ಕನ್ನಡ ತರಗತಿ ಎಂದರೆ ಬಹುಮಟ್ಟಿಗೆ ಸಂಘದ ರವಿವಾರದ ವರ್ಗ, ಮಠದ ಪಡಸಾಲೆ ಅಥವಾ ಮನೆಯ ಕಟ್ಟೆ. ಬೆಂಗಳೂರಿನ ಮಗುವಿಗೆಂದು ಮಾಡಿದ ಉಪಕರಣವನ್ನು ಇಲ್ಲಿಗೆ ತಂದಾಗ ಅದರ ಗುಣದೋಷಗಳು ಬೇರೆಯಾಗಿಯೇ ಕಾಣುತ್ತವೆ.

ನೆರೆಯ ಸೊಲ್ಲಾಪುರ ಜಿಲ್ಲೆಯ ಉದಾಹರಣೆಯೊಂದು ಇಲ್ಲಿ ವಿಚಾರಯೋಗ್ಯ. ಮಾಢಾ ತಾಲ್ಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆ ಅವರಿಗೆ 2020ರ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಹತ್ತು ಲಕ್ಷ ಡಾಲರ್ ಬಹುಮಾನದ ಅರ್ಧವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಪಠ್ಯಪುಸ್ತಕದಲ್ಲಿ ಕ್ಯೂಆರ್ ಸಂಕೇತ ಅಳವಡಿಸಿ, ಅದರ ಮೂಲಕ ಹಾಡು, ಕಥೆ, ಪಾಠಗಳನ್ನು ಮಕ್ಕಳಿಗೆ ಮುಟ್ಟಿಸಿದವರೆಂದು ಎಲ್ಲ ಪತ್ರಿಕೆಗಳೂ ಬರೆದವು. ಪ್ರಶಸ್ತಿ ಕೊಟ್ಟವರ ವಿವರಣೆಯಲ್ಲಿ ಇನ್ನೊಂದು ಸಂಗತಿಯೂ ಇತ್ತು: ಪಠ್ಯವು ಮಕ್ಕಳ ಮೊದಲ ಭಾಷೆಯಲ್ಲಿರಲಿಲ್ಲ, ಆ ಭಾಷೆ ಕನ್ನಡ, ಶಿಕ್ಷಕರು ತಾವೇ ಕನ್ನಡ ಕಲಿತು ಒಂದರಿಂದ ನಾಲ್ಕನೆಯ ತರಗತಿಯ ಪುಸ್ತಕಗಳನ್ನು ಮರುರೂಪಿಸಿದರು. ಈ ವಿವರಣೆಯ ಪ್ರಕಾರ ಕೆಲಸಕ್ಕೆ ಮೂರು ಮೆಟ್ಟಿಲು. ಶಿಕ್ಷಕನು ಮಗುವಿನ ಭಾಷೆಗೆ ಕಿವಿಗೊಟ್ಟದ್ದು ಮೊದಲನೆಯದು, ಪಾಠವನ್ನು ಆ ಭಾಷೆಗೆ ತಂದದ್ದು ಎರಡನೆಯದು, ಯಂತ್ರದ ಸಂಕೇತ ಮೂರನೆಯದು. ಆಮೇಲೆ ಮಹಾರಾಷ್ಟ್ರದ ಪಠ್ಯಪುಸ್ತಕಗಳಿಗೂ, 2017ರಲ್ಲಿ ಆರಂಭವಾದ ಕೇಂದ್ರದ ದೀಕ್ಷಾ ವೇದಿಕೆಗೂ ಹರಡಿದ್ದು ಮೂರನೆಯ ಮೆಟ್ಟಿಲು. ಅದು ಕಣ್ಣಿಗೆ ಕಾಣುವಂಥದು, ಅಚ್ಚುಹಾಕಲು ಬರುವಂಥದು. ಮೊದಲನೆಯ ಮೆಟ್ಟಿಲಿಗೆ ಒಬ್ಬ ಮನುಷ್ಯನೇ ಬೇಕು. ಆದೇಶ ಹೊರಡಿಸಿ ಅದನ್ನು ಊರೂರಿಗೆ ಕಳಿಸಲಾಗದು. ಕಪ್ಪುಬಿಳುಪು ಚೌಕಕ್ಕೆ ಮೊಬೈಲು ಹಿಡಿದ ಮಗು ಅದರೊಳಗಿಂದ ಬರುವ ದನಿಯನ್ನು ಕೇಳುತ್ತದೆ, ನಿಜ. ಮಗುವಿನ ದನಿಯನ್ನು ಕೇಳುವವರು ಯಾರು?

ಇನ್ನು ಲಿಪಿಯ ವಿಷಯ. ದೇವನಾಗರಿಯಲ್ಲಿರುವುದನ್ನು ಕ್ಷಣಮಾತ್ರದಲ್ಲಿ ಕನ್ನಡ ಲಿಪಿಗೆ ತಿರುಗಿಸುವ ತಂತ್ರಾಂಶಗಳು ಈಗ ಉಚಿತವಾಗಿ ಸಿಗುತ್ತವೆ. ಯುನಿಕೋಡ್ ಸಂಕೇತಪಟ್ಟಿಯಲ್ಲಿ ಭಾರತದ ಲಿಪಿಗಳನ್ನು ಸಮಾನಾಂತರವಾಗಿ ಜೋಡಿಸಿರುವುದರಿಂದ ಈ ಕೆಲಸ ಸುಲಭವಾಗಿದೆ. ದೇವನಾಗರಿಯ ‘ಕ’ದ ಸಂಖ್ಯೆಗೆ 896 ಕೂಡಿಸಿದರೆ ಕನ್ನಡದ ‘ಕ’ ಬರುತ್ತದೆ. ‘ಗ’ಕ್ಕೂ ‘ಮ’ಕ್ಕೂ ಅದೇ ಲೆಕ್ಕ. ಗಡಿಯ ಮಗುವಿಗೆ ಇದೊಂದು ಒಳ್ಳೆಯ ಸೇತುವೆ: ಬಲ್ಲ ಲಿಪಿಯ ಪಕ್ಕದಲ್ಲಿ ಕಲಿಯಬೇಕಾದ ಲಿಪಿಯನ್ನು ಇಟ್ಟು ತೋರಿಸಬಹುದು.

ಆದರೆ ಸೇತುವೆಯ ಮಧ್ಯದಲ್ಲಿ ಒಂದು ಬಿರುಕಿದೆ. ಕನ್ನಡದಲ್ಲಿ ಹ್ರಸ್ವ ಎ, ಒ ಬೇರೆ, ದೀರ್ಘ ಏ, ಓ ಬೇರೆ. ದೇವನಾಗರಿಯ ಸಂಕೇತಪಟ್ಟಿಯಲ್ಲಿ ಹ್ರಸ್ವಗಳಿಗೆ ಜಾಗವಿದ್ದರೂ ಮರಾಠಿ ಬರವಣಿಗೆಯಲ್ಲಿ ಅವುಗಳ ಬಳಕೆಯಿಲ್ಲ. ಆದ್ದರಿಂದ ಮರಾಠಿಯ ರೂಢಿಯಂತೆ ಬರೆದ ಕನ್ನಡದಲ್ಲಿ ‘ಬೆಳೆ’ಯೂ ‘ಬೇಳೆ’ಯೂ ಒಂದೇ ಆಗುತ್ತವೆ, ‘ಕೆರೆ’ ಹೋಗಿ ‘ಕೇರೆ’ ಹಾವಾಗುತ್ತದೆ, ‘ಕೊಡು’ ಎಂದದ್ದು ‘ಕೋಡು’ ಆಗುತ್ತದೆ. ಹೊಲದಲ್ಲಿ ನಿಂತ ತೊಗರಿ ಬೆಳೆ, ಗಿರಣಿಯಿಂದ ಹೊರಬಂದದ್ದು ಬೇಳೆ ಎಂಬ ವ್ಯತ್ಯಾಸ ನಮ್ಮ ಸೀಮೆಯ ಯಾವ ಮಗುವಿಗೆ ತಿಳಿಯದು? ಯಂತ್ರಕ್ಕೆ ತಿಳಿಯದು; ಕೊಟ್ಟದ್ದನ್ನಷ್ಟೇ ಅದು ತಿರುಗಿಸುತ್ತದೆ. ಪದದ ಕೊನೆಯ ಅಕಾರವೂ ಹೀಗೆಯೇ. ಮರಾಠಿಯ ಅಭ್ಯಾಸದಲ್ಲಿ ‘ಮರ’ ಎಂಬುದನ್ನು ‘ಮರ್’ ಎಂದು ಓದಿದರೆ ನೆರಳು ಕೊಡುವ ಗಿಡ ಸಾಯೆಂಬ ಆಜ್ಞೆಯಾಗಿಬಿಡುತ್ತದೆ! ಇಂಥ ತಪ್ಪುಗಳನ್ನು ಮಗುವೇ ಕಿವಿಯಿಂದ ಹಿಡಿಯಬಲ್ಲದು. ಯಂತ್ರ ತಿರುಗಿಸಿದ ಪುಟವನ್ನು ಕೊಟ್ಟು, ಇದರಲ್ಲಿ ಮನೆಯಲ್ಲಿ ಆಡುವಂತೆ ಇಲ್ಲದ್ದು ಯಾವುದು ಎಂದು ಕೇಳಿದರೆ ಅದಕ್ಕಿಂತ ಒಳ್ಳೆಯ ಕಾಗುಣಿತದ ಪಾಠ ಇನ್ನೊಂದಿರಲಾರದು. ಉಪಕರಣದ ದೋಷವೇ ಇಲ್ಲಿ ಪಾಠದ ಸಾಮಗ್ರಿಯಾಗುತ್ತದೆ. ಅದಕ್ಕೆ ಶಿಕ್ಷಕರು ಪಕ್ಕದಲ್ಲಿರಬೇಕು.

ಕೀಲಿಮಣೆಯ ಆಯ್ಕೆಯೂ ಚಿಕ್ಕ ವಿಷಯವಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಮನೆಮಾತಾಯಿತು. ಅದರಲ್ಲಿ ವ್ಯಂಜನಕ್ಕೆ ಸ್ವರ ಕೂಡಿಸಿ ಅಕ್ಷರ ಕಟ್ಟಬೇಕು. ಕಾಗುಣಿತದ ನಡೆಯೇ ಬೆರಳಿನ ನಡೆ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸದಲ್ಲಿ ಭಾರತೀಯ ಲಿಪಿಗಳಿಗೆಲ್ಲ ಒಂದೇ ಜೋಡಣೆ. ಮರಾಠಿಯನ್ನು ಅದರಲ್ಲಿ ಬರೆಯಬಲ್ಲ ಮಗು ಬಹುಪಾಲು ಸ್ಥಾನಗಳನ್ನು ಹೊಸದಾಗಿ ಕಲಿಯದೆಯೇ ಕನ್ನಡವನ್ನೂ ಬರೆಯಬಹುದು. ಗಡಿಯವರಿಗೆ ಇದು ಕೈಗೆ ಬಂದ ಲಾಭ. ಇವೆರಡನ್ನೂ ಬಿಟ್ಟು ಹೆಚ್ಚಿನವರು ಹಿಡಿದಿರುವುದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ, ಯಂತ್ರ ಮುಂದಿಡುವ ಕನ್ನಡ ಪದಗಳಲ್ಲಿ ಒಂದನ್ನು ಆರಿಸುವ ದಾರಿಯನ್ನು. ಬರೆಯಬಲ್ಲವರಿಗೆ ಅದು ವೇಗ ಕೊಡುತ್ತದೆ. ಬರೆಯಲು ಕಲಿಯುತ್ತಿರುವ ಮಗುವಿಗೆ ಅದು ಬರೆಹದ ಶ್ರಮವನ್ನೇ ತಪ್ಪಿಸುತ್ತದೆ: ಎಳೆಯಬೇಕೋ ಎಳೆಯಬಾರದೋ ಎಂದು ಯೋಚಿಸುವ ಕ್ಷಣ ಇಲ್ಲವಾಗಿ, ಮೊದಲು ಕಂಡ ಪದದ ಮೇಲೆ ಬೆರಳು ಬೀಳುತ್ತದೆ. ಆ ಯೋಚನೆಯ ಕ್ಷಣದಲ್ಲೇ ಭಾಷೆ ಮನಸ್ಸಿಗೆ ಇಳಿಯುವುದು.

ಮಾತನ್ನು ಕೇಳಿ ಬರೆಹವಾಗಿಸುವ ಯಂತ್ರ ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯನ್ನು ಎತ್ತುತ್ತದೆ. ಗೂಗಲ್ ಕನ್ನಡಕ್ಕೆ ಈ ಸೌಲಭ್ಯ ಕೊಟ್ಟದ್ದು 2017ರಲ್ಲಿ. ಯಂತ್ರವು ಯಾವ ಕನ್ನಡವನ್ನು ಹೆಚ್ಚು ಕೇಳಿ ಕಲಿತಿದೆಯೋ ಅದನ್ನೇ ಚೆನ್ನಾಗಿ ಗುರುತಿಸುತ್ತದೆ. ‘ಸಾಲಿಗಿ ಹೋಗ್ಲತ್ತೀನಿ’ ಎಂಬ ನಮ್ಮ ಮಾತಿಗೆ ಅದು ತಡವರಿಸಿದರೆ ಆಶ್ಚರ್ಯವಿಲ್ಲ. ನಮ್ಮ ಚಿಂತೆ ಯಂತ್ರದ ಬಗ್ಗೆ ಅಲ್ಲ, ಮಗುವಿನ ಬಗ್ಗೆ. ಎರಡು ಸಲ ಹೇಳಿ ನೋಡಿ, ಮೂರನೆಯ ಸಲ ಮಗು ತನ್ನ ಮಾತನ್ನೇ ತಿದ್ದಿಕೊಳ್ಳುತ್ತದೆ. ತಪ್ಪು ತನ್ನದು, ತನ್ನ ಅವ್ವನದು ಎಂದು ತಿಳಿಯುತ್ತದೆ. ಮನೆಯ ಮಾತಿಗೆ ಬೆಲೆಯಿಲ್ಲ ಎಂಬ ಪಾಠವನ್ನು ಮೊದಲು ಬೈಗುಳದಿಂದ ಕಲಿಸುತ್ತಿದ್ದರು, ಈಗ ಯಂತ್ರ ಮೌನವಾಗಿ ಕಲಿಸುತ್ತದೆ. ಮನೆಯಲ್ಲಿ ಮಾತ್ರ ಉಳಿದಿರುವ ಭಾಷೆಗೆ ಮನೆಯಲ್ಲೇ ಸಂಕೋಚ ಹುಟ್ಟಿದರೆ ಅದು ಇನ್ನೆಲ್ಲಿಗೆ ಹೋಗಬೇಕು?

ಶಿಷ್ಟ ಕನ್ನಡ ಬೇಡವೇ ಎಂದು ಕೇಳುವವರುಂಟು. ಖಂಡಿತ ಬೇಕು, ಈ ಲೇಖನವೂ ಅದರಲ್ಲಿಯೇ ಇದೆ. ಅದಿಲ್ಲದೆ ಪುಸ್ತಕದ ಬಾಗಿಲು ತೆರೆಯದು. ಆದರೆ ಅಲ್ಲಿಗೆ ಹೋಗುವ ಹಾದಿ ಮನೆಯ ಹೊಸ್ತಿಲಿನಿಂದ ಹೊರಡಬೇಕು. ಇದಕ್ಕೂ ಯಂತ್ರದ ನೆರವುಂಟು. ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿದ್ದು, ಯಾವ ಪದ ಎಲ್ಲೆಲ್ಲಿ ಬಂದಿದೆಯೆಂದು ಹುಡುಕಬಹುದು. ಹೊಲ, ಬೀಜ, ರಾಶಿ, ರೊಟ್ಟಿ ಎಂಬ ತನ್ನ ಮನೆಯ ಪದಗಳನ್ನು ಮಗು ಅಲ್ಲಿ ಹುಡುಕಿ ನೋಡಲಿ. ಉಮರ್ಗೆಯ ನೆರೆಯಲ್ಲೇ ಇರುವ ಕಲ್ಯಾಣದಲ್ಲಿ ಎಂಟು ಶತಮಾನಗಳ ಹಿಂದೆ ನಡೆದ ಮಾತುಕತೆಯಲ್ಲಿ ತನ್ನ ಅಜ್ಜಿಯ ಪದವೊಂದು ಎದುರಾದರೆ, ಆ ಪದಕ್ಕೆ ಸಿಗುವ ಗೌರವವನ್ನು ಯಾವ ಭಾಷಣವೂ ಕೊಡಲಾರದು.

ಈಚೆಗೆ ಬಂದಿರುವ, ಕೇಳಿದ ವಿಷಯದ ಮೇಲೆ ಪ್ರಬಂಧವನ್ನೇ ಬರೆದುಕೊಡುವ ಯಂತ್ರಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ‘ನಮ್ಮೂರು’ ಎಂದು ಕೇಳಿದರೆ ಹಚ್ಚಹಸಿರಿನ ಗದ್ದೆ, ಜುಳುಜುಳು ಹರಿಯುವ ತೊರೆ ಇರುವ ಊರೊಂದನ್ನು ಅವು ಬರೆದುಕೊಟ್ಟಾವು. ವ್ಯಾಕರಣ ಸರಿಯಿರಬಹುದು, ಊರು ಮಾತ್ರ ನಮ್ಮದಲ್ಲ. ನೀಲಕಂಠೇಶ್ವರನ ಗುಡಿ, ಉದಗೀರದ ಕೋಟೆ, ಬೇಸಿಗೆಯಲ್ಲಿ ಬತ್ತುವ ತೇರಣಾ, ಕೂರಿಗೆ ಕಟ್ಟುವ ಮುಂಗಾರಿನ ದಿನ, ಇವು ಅಲ್ಲಿ ಬರಬೇಕಾದರೆ ಯಾರಾದರೂ ಮೊದಲು ಕನ್ನಡದಲ್ಲಿ ಬರೆದಿರಬೇಕು. ಬರೆಯದ ಊರು ಯಂತ್ರಕ್ಕೆ ಇಲ್ಲದ ಊರು.

ಹಾಗಾದರೆ ಮಾಡಬೇಕಾದದ್ದೇನು? ಯಂತ್ರವನ್ನು ಬಾಯಿಯಾಗಿ ಬಳಸುವುದನ್ನು ಕಡಿಮೆ ಮಾಡಿ ಕಿವಿಯಾಗಿ ಬಳಸಬೇಕು ಎಂಬುದು ನಮ್ಮ ನಿಲುವು. ಪ್ರತಿ ಮೊಬೈಲಿನಲ್ಲೂ ಧ್ವನಿಮುದ್ರಣದ ಸೌಲಭ್ಯವಿದೆ. ಅದಕ್ಕೆ ಅಂತರ್ಜಾಲವೂ ಬೇಡ, ಹಣವೂ ಬೇಡ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಔಸಾ, ಉಮರ್ಗಾ ತಾಲ್ಲೂಕುಗಳ ಹಳ್ಳಿಗಳನ್ನು ನೆಲಸಮ ಮಾಡಿತು. ಗಣೇಶನನ್ನು ಕಳಿಸಿ ಮಲಗಿದ್ದ ಊರುಗಳು ಏಳಲಿಲ್ಲ. ಸತ್ತವರು ಸಾವಿರಾರು ಮಂದಿ. ಆ ನಸುಕನ್ನು ಕಂಡವರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಕನ್ನಡ ಮನೆಗಳಲ್ಲಿ ಆ ನೆನಪು ಕನ್ನಡದಲ್ಲಿಯೇ ಇದೆ, ಬಾಯಲ್ಲಿ ಮಾತ್ರ ಇದೆ. ಆಗ ನಲವತ್ತು ದಾಟಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಮಗು ತನ್ನ ಆಯಿಯ ಎದುರು ಕುಳಿತು, ಆಕೆಯ ಒಪ್ಪಿಗೆ ಪಡೆದು, ಮೂರು ನಿಮಿಷ ಮುದ್ರಿಸಿಕೊಳ್ಳಲಿ. ರವಿವಾರದ ವರ್ಗದಲ್ಲಿ ಅದನ್ನು ನಿಲ್ಲಿಸಿ ನಿಲ್ಲಿಸಿ ಕೇಳಿ, ಕೇಳಿದ್ದನ್ನು ಕೇಳಿದಂತೆಯೇ ಕನ್ನಡ ಲಿಪಿಯಲ್ಲಿ ಬರೆಯಲಿ. ಎಲ್ಲಿ ಎಳೆಯಬೇಕು, ಎಲ್ಲಿ ಒತ್ತಬೇಕು ಎಂಬುದು ಅಲ್ಲಿ ತಾನಾಗಿ ತಿಳಿಯುತ್ತದೆ. ಆಮೇಲೆ ಶಿಕ್ಷಕರು ಅದೇ ಮಾತಿನ ಶಿಷ್ಟರೂಪವನ್ನು ಪಕ್ಕದಲ್ಲಿ ಬರೆದು ತೋರಿಸಲಿ, ಮೊದಲಿನದನ್ನು ಅಳಿಸದಿರಲಿ. ಕೇಳುವುದು, ಬರೆಯುವುದು, ಓದುವುದು, ಹೋಲಿಸುವುದು ಎಲ್ಲವೂ ಒಂದೇ ಪಾಠದಲ್ಲಿ ಆದವು.

ಸಂಘದ ಪಾಲಿನ ಕೆಲಸವೂ ಇದೆ. ಮುದ್ರಿಕೆಗೆ ಊರು, ಹೇಳಿದವರ ಹೆಸರು, ದಿನಾಂಕ ಬರೆದು ಒಂದು ಕಡೆ ಜೋಪಾನ ಮಾಡಬೇಕು. ಬರೆದದ್ದನ್ನು ಯುನಿಕೋಡಿನಲ್ಲಿಯೇ ಬೆರಳಚ್ಚು ಮಾಡಿಸಬೇಕು; ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಎಷ್ಟೋ ಸಂಚಿಕೆಗಳ ಕಡತಗಳು ಇಂದು ತೆರೆದರೆ ಅರ್ಥವಾಗದ ಗುರುತುಗಳಾಗಿ ಕಾಣುತ್ತವೆ, ಅವುಗಳಲ್ಲಿ ಒಂದು ಪದವನ್ನೂ ಹುಡುಕಲಾಗದು. ಮುಂದಿನ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಮಕ್ಕಳು ಕೇಳಿ ಬರೆದ ಹತ್ತು ಪುಟಗಳಿಗೆ ಸಂಪಾದಕರು ಜಾಗ ಮೀಸಲಿಡಲಿ. ಈ ಸಂಚಿಕೆ ಮನೆಗೆ ಬಂದ ವಾರದೊಳಗೆ, ಮನೆಯ ಹಿರಿಯರ ಮೂರು ನಿಮಿಷದ ಮಾತು ಮನೆಯ ಕಿರಿಯರ ಮೊಬೈಲಿನಲ್ಲಿ ಉಳಿಯಲಿ ಎಂಬುದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.